ಅವರು ಅಂದದ್ದು, ಅವಳು ಹೇಳಿದ್ದು

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಅರ್ಧ ಮುಖಕ್ಕೆ ಸೋಪಿನ ನೊರೆ ಬಳಿದುಕೊಂಡ ಅಯ್ಯನವರು ಬಚ್ಚಲ ಬಾಗಿಲಲ್ಲಿ ಬಂದು ನಿಂತು, "ಇವತ್ತು ನೀನು ನನ್ನ ಪಕ್ಕ ನಿಲ್ಲೋದು ಬೇಡ ಕಣೆ. ಎಲ್ಲರ ಜೊತೆ ಬೆಂಚಲ್ಲಿ ಆರಾಮಾಗಿ ಕೂತ್ಕೊ. ಆರಾಧನೆಯ ಪ್ರಸಂಗ ಪೂರ್ತಿ ನಾನೇ ಇಲ್ಲಿಯವರ ಮಾತಲ್ಲೇ ಮಾಡ್ತೀನಿ" ಎಂದುಬಿಟ್ಟರು. ಅವಳು ಒಲೆಯ ಮುಂದೆ ಮೊಟ್ಟೆ ಬೇಯುವುದನ್ನು ಕಾಯುತ್ತಿದ್ದಳು. ಚಮಚ ಕೈಯಲ್ಲೇ ಉಳಿಯಿತು. ತಮಾಷೆ ಇರಬೇಕು ಅಂದುಕೊಂಡಳು. ಎಪ್ಪತ್ತೊಂದು ವರ್ಷದ ಪಾದ್ರಿ ಬೆಳಗಾಗೆದ್ದು ಹೆಂಡತಿಯ ಜೊತೆ ತಮಾಷೆ ಮಾಡಬಾರದು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲವಲ್ಲ. ಆದರೆ ಅವರು ನಗಲಿಲ್ಲ. ನೊರೆಯ ನಡುವೆ ಅವರ ತುಟಿ ಪರೀಕ್ಷೆಗೆ ಹೊರಟ ಹುಡುಗನ ತುಟಿಯ ಹಾಗೆ ತಂತಾನೇ ಅಲುಗುತ್ತಿತ್ತು. ಆಮೇಲೆ ಅವರು ಇಲ್ಲಿಯ ಭಾಷೆಯಲ್ಲಿ, ಒಂದೊಂದೇ ಮಾತನ್ನು ನೆಲದ ಮೇಲೆ ಇಟ್ಟು ನೋಡುವವರಂತೆ, "ಮೊಟ್ಟೆ ಒಂದು ಸಾಕು. ಬ್ರೆಡ್ಡು ಬೇಡ. ಹೊಟ್ಟೆ ಹಗುರ ಇರಲಿ" ಎಂದರು. ಈ ಪರದೇಶಕ್ಕೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಆ ಬಾಯಿಂದ ಆ ಭಾಷೆಯ ಮೂರು ವಾಕ್ಯ ಒಟ್ಟಿಗೆ ಬಂದದ್ದನ್ನು ಅವಳು ಒಂದು ದಿನವೂ ಕೇಳಿರಲಿಲ್ಲ.

"ಯಾವಾಗ ಕಲಿತ್ರಿ?" ಅಂದಳು.

"ಹದಿನಾಲ್ಕು ತಿಂಗಳಾಯ್ತು. ಗಡಿಯಾರದವನ ಹತ್ರ. ಮಂಗಳವಾರ, ಶುಕ್ರವಾರ. ನಿಂಗೆ ಗೊತ್ತಾಗ್ಬಾರ್ದು ಅಂತ ಅವನ ಕೈಲಿ ಆಣೆ ಮಾಡಿಸ್ಕೊಂಡಿದ್ದೆ" ಎಂದು ಹೇಳಿ, ಹೇಳಿದ ಖುಷಿಗೆ ಅವರು ಕ್ಷೌರದ ಕತ್ತಿಯನ್ನು ಗಾಳಿಯಲ್ಲಿ ಒಮ್ಮೆ ಬೀಸಿ ಕನ್ನಡಿಯ ಕಡೆ ಹೋದರು. ಬಚ್ಚಲಿಂದ ಅವರು ಗುನುಗುವುದು ಕೇಳಿಸಿತು.

ಹಾಗಾದರೆ ಗೋಡೆ ಗಡಿಯಾರ ವಾರಕ್ಕೆ ಎರಡು ಸಲ ಕೆಡುತ್ತಿದ್ದದ್ದು ಇದಕ್ಕಾಗಿ. ಎಂಥ ಪೆದ್ದಿ ತಾನು. ಆ ಗಡಿಯಾರವನ್ನು ಬೈದದ್ದೇ ಬೈದದ್ದು, ಎಸೆದು ಹೊಸದು ತನ್ನಿ ಅಂದದ್ದೇ ಅಂದದ್ದು. ಅವರು ಅದನ್ನು ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಹೋಗುತ್ತಿದ್ದದ್ದು ಅವಳ ಕಣ್ಣ ಮುಂದೆ ಬಂತು, ನಗುವೂ ಬಂತು, ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಹದಿನಾಲ್ಕು ತಿಂಗಳು ಅಂದರೆ ಅರವತ್ತು ಭಾನುವಾರ. ಮೊದಲ ಮೂರು ನಾಲ್ಕು ತಿಂಗಳು ಅಕ್ಷರ ತಿದ್ದುವುದಕ್ಕೇ ಹೋಯಿತು ಅಂತ ಇಟ್ಟುಕೊಂಡರೂ, ನಲವತ್ತು ಭಾನುವಾರವಾದರೂ ತಾನು ಪಕ್ಕದಲ್ಲಿ ನಿಂತು ಏನು ಹೇಳುತ್ತಿದ್ದೇನೆ ಅಂತ ಅವರಿಗೆ ತಿಳಿಯುತ್ತಿತ್ತು. ತಿಳಿದೂ ಸುಮ್ಮನಿದ್ದರು. ಇಲ್ಲ, ತಿಳಿದಿರಲಿಕ್ಕಿಲ್ಲ. ಅಷ್ಟು ಬೇಗ ಆಡುವ ಮಾತು ಕಿವಿಗೆ ಸಿಗುವುದು ಸುಲಭವಲ್ಲ. ಒಲೆಯ ಮೇಲಿನ ಪಾತ್ರೆಯಲ್ಲಿ ಮೊಟ್ಟೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು, ಅವಳು ಗ್ಯಾಸು ಆರಿಸಿ ಮತ್ತೆ ಯಾಕೋ ಹಚ್ಚಿದಳು.

ಕೆಲಸ ನಡೆಯುತ್ತಿದ್ದ ರೀತಿ ಇಷ್ಟೇ. ಪ್ರಾರ್ಥನೆಗೆ ಸೇರಿದವರ ಮುಂದೆ ಅವರು ಹಲಗೆಯ ವೇದಿಕೆಯ ಮೇಲೆ ನಿಂತು ಮನೆಮಾತಿನಲ್ಲಿ ಒಂದು ವಾಕ್ಯ ಹೇಳಿ ನಿಲ್ಲಿಸುವುದು. ಅವಳು ಒಂದು ಮೆಟ್ಟಿಲು ಕೆಳಗೆ, ಎಡಗಡೆ ನಿಂತು ಅದನ್ನು ಇಲ್ಲಿಯವರ ಭಾಷೆಯಲ್ಲಿ ಹೇಳುವುದು. ಅವಳು ಬಾಯಿ ಮುಚ್ಚಿದ ಮೇಲೆ ಅವರು ಮುಂದಿನದಕ್ಕೆ ಹೋಗುವುದು. ಬಂದ ಮೊದಲ ವರ್ಷ ಇವರನ್ನು ಇಲ್ಲಿಗೆ ಕಳಿಸಿದ ಊರಿನ ಸಂಘದವರು ಅವರಿಗೊಬ್ಬ ಮೇಷ್ಟರನ್ನು ಗೊತ್ತು ಮಾಡಿದ್ದರು. ಮೂರನೆಯ ವಾರ ಅಂಗಡಿಯಲ್ಲಿ ಅವರು ಸಕ್ಕರೆ ಕೇಳಲು ಬಾಯಿ ತೆರೆದಾಗ ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು, ಅಷ್ಟೇ, ಬಾಯಿ ಮುಚ್ಚಿಕೊಂಡವರು ಮತ್ತೆ ತೆರೆಯಲಿಲ್ಲ. "ಮಾತಾಡಿದ್ರೆ ಸರಿಯಾಗಿ ಮಾತಾಡ್ಬೇಕು" ಅನ್ನುತ್ತಿದ್ದರು. ಅವಳಿಗೆ ಆ ಬಿಗುಮಾನ ಇರಲಿಲ್ಲ, ಇದ್ದಿದ್ದರೆ ಮನೆ ನಡೆಯುತ್ತಿರಲೂ ಇಲ್ಲ. ತರಕಾರಿಯವಳ ಜೊತೆ ತಪ್ಪುತಪ್ಪಾಗಿ ಚೌಕಾಸಿ ಮಾಡಿ, ಆಸ್ಪತ್ರೆಯ ಸಾಲಿನಲ್ಲಿ ಕಂಡವರ ಕಷ್ಟಸುಖ ವಿಚಾರಿಸಿ, ಬುಧವಾರದ ಹೊಲಿಗೆ ತರಗತಿಯಲ್ಲಿ ಸೂಜಿಗೆ ದಾರ ಪೋಣಿಸುತ್ತಾ ಬೈಗುಳದವರೆಗೆ ಎಲ್ಲವನ್ನೂ ಕಲಿತಳು. ಮೊದಮೊದಲು ಅಯ್ಯನವರ ವಾಕ್ಯಗಳನ್ನು ಗಾಜಿನ ಲೋಟ ಹಿಡಿದ ಹಾಗೆ ಹಿಡಿದು, ಒಂದು ತೊಟ್ಟೂ ಚೆಲ್ಲದಂತೆ ದಾಟಿಸುತ್ತಿದ್ದಳು. ಅದು ಏಳು ವರ್ಷ. ಅಲ್ಲಿವರೆಗೆ ಅವಳ ಮೇಲೆ ಯಾವ ತಪ್ಪೂ ಇರಲಿಲ್ಲ.

ಇಸ್ತ್ರಿ ಅಂಗಡಿಯವಳ ಏಳು ತಿಂಗಳ ಕೂಸು ಜ್ವರದಲ್ಲಿ ಹೋಯಿತು. ಮಣ್ಣು ಮಾಡುವ ಮೊದಲು ಅಯ್ಯನವರು ಆ ಪುಟ್ಟ ಪೆಟ್ಟಿಗೆಯ ಪಕ್ಕ ನಿಂತು, "ಇದು ದೇವರ ಚಿತ್ತ. ತಾಯಿ ಅಳಬಾರದು, ಅತ್ತರೆ ಆತನ ಮೇಲೆ ಗೊಣಗಿದ ಹಾಗೆ" ಅಂದರು. ಅಂದು, ತಿರುಗಿಸಿ ಹೇಳಲಿ ಅಂತ ಹೆಂಡತಿಯ ಕಡೆ ನೋಡಿದರು. ಎದುರಿಗೆ ಆ ಹುಡುಗಿ, ಇಪ್ಪತ್ತೆರಡೋ ಇಪ್ಪತ್ಮೂರೋ, ಹಾಲು ಒಸರಿ ಒದ್ದೆಯಾದ ರವಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳ ಬಾಯನ್ನೇ ನೋಡುತ್ತಿದ್ದಳು. ಹೇಳಬೇಕಾದವಳಿಗೆ ಆ ವಾಕ್ಯ ಗೊತ್ತಿತ್ತು, ಒಂದೊಂದು ಮಾತೂ ಬರುತ್ತಿತ್ತು, ಆದರೆ ನಾಲಿಗೆ ಏಳಲಿಲ್ಲ. ಆಮೇಲೆ ಬಾಯಿಂದ ಬಂದದ್ದೇ ಬೇರೆ. "ಯಾಕೆ ಹೀಗಾಯ್ತೋ ನಮಗೂ ತಿಳೀದು ತಾಯಿ. ದೇವರನ್ನೇ ಕೇಳು, ಜೋರಾಗಿ ಕೇಳು. ನೀನು ಎಷ್ಟು ಬೇಕೋ ಅಷ್ಟು ಅಳು, ನಾವು ಎದ್ದು ಹೋಗಲ್ಲ." ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಅಯ್ಯನವರು ಸ್ವಲ್ಪ ಮುಖ ಗಂಟು ಹಾಕಿ, ಇಲ್ಲಿಯವರಿಗೆ ಒಂದು ಸಲ ಹೇಳಿದರೆ ನಾಟುವುದಿಲ್ಲ ಅಂದುಕೊಂಡು, ಅದೇ ವಾಕ್ಯವನ್ನು ಮತ್ತೆ ಹೇಳಿದರು. ಅವಳು ಅದೇ ತಪ್ಪನ್ನು ಮತ್ತೆ ಮಾಡಿದಳು.

ಒಂದು ಸಲ ದಾರಿ ತಪ್ಪಿದ ಕಾಲಿಗೆ ಆಮೇಲೆ ಯಾರ ಹಂಗು? ಮೊದಲು ಒಂದು ಕಟುವಾದ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿದಳು, ಆಮೇಲೆ ಒಂದು ಸಣ್ಣ ಉದಾಹರಣೆ ಸೇರಿಸಿದಳು, ಆಮೇಲೆ ತನ್ನ ತಾಯಿ ಬಾವಿಕಟ್ಟೆಯಲ್ಲಿ ನೆರೆಯವಳ ಜೊತೆ ಜಗಳವಾಡಿ ಸಂಜೆಗೆ ಅವಳ ಮನೆಗೇ ಬೆಂಕಿಕಡ್ಡಿ ಕೇಳಲು ಹೋದ ಕಥೆ ಹೇಳಿದಳು. ಕ್ಷಮೆ ಅಂದರೆ ಏನು ಅಂತ ಅಯ್ಯನವರು ಮೂರು ವಾಕ್ಯದಲ್ಲಿ ಹೇಳಿದ್ದು ಇವಳ ಬಾಯಲ್ಲಿ ಆ ಕಥೆಯಾಗಿತ್ತು. ಬೆಂಚುಗಳು ಗೊಳ್ಳೆಂದು ನಕ್ಕವು. ಅಯ್ಯನವರಿಗೂ ಖುಷಿ, ಆ ತಿಂಗಳ ವರದಿಯಲ್ಲಿ ಸಂಘಕ್ಕೆ ಬರೆದರು: "ಇಲ್ಲಿನ ಜನರು ಸ್ವಭಾವತಃ ಉಲ್ಲಾಸಿಗಳು. ಪಾಪದ ಕುರಿತು ಬೋಧಿಸಿದಾಗಲೂ ನಗುತ್ತಾರೆ." ಆ ವರದಿಯನ್ನು ನೀಟಾಗಿ ನಕಲು ಮಾಡಿ ಅಂಚೆಗೆ ಹಾಕಿದವಳೂ ಅವಳೇ. ಸಂಘದವರು ಒಂದು ಸಲ ಪತ್ರಿಕೆಯಲ್ಲಿ ಫೋಟೋ ಹಾಕಿದ್ದರು, ಹಲಗೆಯ ಮೇಲೆ ಕೈಯೆತ್ತಿದ ಅಯ್ಯನವರು, ಕೆಳಗೆ ಎಡಗಡೆ ಅರ್ಧ ಭುಜ ಮತ್ತು ಒಂದು ಕಿವಿ. ಆ ಕಿವಿ ಅವಳದು. ಅದನ್ನು ನೋಡಿದ ದಿನ ಅವಳಿಗೆ ಎಷ್ಟು ಅವಮಾನವಾಯಿತೋ ಅಷ್ಟೇ ಒಳಗೊಳಗೆ ಒಂದು ಕೊಬ್ಬೂ ಬಂದಿತ್ತು. ಕಿವಿ ಮಾತ್ರ ನೋಡಿಕೊಳ್ಳಿ, ಬಾಯಿ ನನ್ನ ಹತ್ತಿರ ಇದೆ, ಅಂದುಕೊಂಡಿದ್ದಳು.

ಪಾಪ ಅಂದರೆ ಅದೇ. ಸುಳ್ಳು ಹೇಳಿದ್ದಲ್ಲ, ಸುಳ್ಳು ಹೇಳಿ ಸುಖಪಟ್ಟದ್ದು. ಸೋಮವಾರದಿಂದಲೇ ಅವಳು ಭಾನುವಾರಕ್ಕೆ ಮಾತು ಕೂಡಿಡುತ್ತಿದ್ದಳು. ಬಸ್ಸಿನಲ್ಲಿ ಯಾರೋ ಹೇಳಿದ್ದು, ಔಷಧಿ ಅಂಗಡಿಯವನು ಹೆಂಡತಿಯನ್ನು ಗದರಿದ್ದು, ಎಲ್ಲವನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡ ಹಾಗೆ ಇಟ್ಟುಕೊಂಡು, ಅಯ್ಯನವರ ಯಾವ ವಾಕ್ಯಕ್ಕೆ ಯಾವುದನ್ನು ತಗುಲಿಸಲಿ ಅಂತ ಕಾಯುತ್ತಿದ್ದಳು. ಮೆಟ್ಟಿಲ ಮೇಲೆ ನಿಂತ ನಲವತ್ತು ನಿಮಿಷ ಅವಳ ಮಂಡಿನೋವು ಎಲ್ಲಿ ಹೋಗುತ್ತಿತ್ತೋ ದೇವರಿಗೇ ಗೊತ್ತು. ಪಕ್ಕದಲ್ಲಿ ಅಷ್ಟೆತ್ತರದ ಗಂಡ, ಕಪ್ಪು ಕೋಟು ತೊಟ್ಟುಕೊಂಡು, ಜನ ನಕ್ಕಾಗ ತಾನೂ ನಗುತ್ತಾ, ಜನ ಅತ್ತಾಗ ಗಂಭೀರವಾಗುತ್ತಾ ಗೊಂಬೆಯ ಹಾಗೆ ನಿಂತಿರುತ್ತಿದ್ದರು. ಅವರನ್ನು ಗೊಂಬೆ ಮಾಡಿದವಳು ತಾನು. ಈಗ ಗೊಂಬೆಗೆ ಕಿವಿ ಬಂದಿದೆ, ಬಾಯಿಯೂ ಬಂದಿದೆ.

ಹೊರಡುವ ಹೊತ್ತಿಗೆ ಅಯ್ಯನವರ ಸಡಗರ ನೋಡಬೇಕಿತ್ತು. ಕೋಟಿನ ಗುಂಡಿ ಮೇಲೆ ಕೆಳಗೆ ಹಾಕಿ, ಬಿಚ್ಚಿ, ಮತ್ತೆ ಹಾಕಿದರು. ಸತ್ಯವೇದವನ್ನು ಕಂಕುಳಲ್ಲೇ ಇಟ್ಟುಕೊಂಡು ಮನೆಯೆಲ್ಲ ಅದನ್ನು ಹುಡುಕಿದರು. ಬೀದಿಗಿಳಿದ ಮೇಲಂತೂ ಅವರ ನಡಿಗೆಗೆ ಅವಳು ಓಡುತ್ತಲೇ ಹಿಂಬಾಲಿಸಬೇಕಾಯಿತು. ಅಂಗಡಿಗಳ ಬಾಗಿಲನ್ನು ಇನ್ನೂ ಅರ್ಧವೇ ಎತ್ತಿದ್ದರು, ಬೇಕರಿಯವನು ಟ್ರೇಗಳನ್ನು ಫುಟ್‌ಪಾತಿನ ಮೇಲೆ ತೊಳೆಯುತ್ತಿದ್ದ, ನೀರು ಚರಂಡಿಗೆ ಹರಿಯುತ್ತಿತ್ತು. ಅಯ್ಯನವರು ನಿಂತು ಬೇಕರಿಯವನಿಗೆ ಅವನದೇ ಭಾಷೆಯಲ್ಲಿ "ಬಿಸಿಲು ಜೋರಿದೆ" ಅಂದರು. ಅವನು ಟ್ರೇ ಕೆಳಗಿಟ್ಟು ಬಾಯಿ ಬಿಟ್ಟುಕೊಂಡು ನೋಡಿದ. ಅವರು ಅವಳ ಕಡೆ ತಿರುಗಿ, ಕಂಡೆಯಾ ಅನ್ನುವ ಹಾಗೆ ಹುಬ್ಬು ಹಾರಿಸಿದರು. ಅವಳಿಗೆ ಆ ಕ್ಷಣಕ್ಕೆ ಮದುವೆಯಾದ ಹೊಸದರಲ್ಲಿ ಇವರು ಸೈಕಲ್ಲಿನ ಹ್ಯಾಂಡಲ್ ಬಿಟ್ಟು ತೋರಿಸಿದ್ದು ನೆನಪಾಗಿ, ಹೆದರಿಕೆಯ ನಡುವೆಯೇ ನಗು ಬಂತು. ಇವರ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡು ಇಷ್ಟು ದ್ರೋಹ ಹೇಗೆ ಮಾಡಿದೆ ಅಂತ ಅವಳಿಗೇ ಆಶ್ಚರ್ಯ.

"ರೀ, ಇವತ್ತೇ ಯಾಕೆ?" ಅಂದಳು, ಏದುಸಿರು ಬಿಡುತ್ತಾ.

"ಇನ್ನೆಷ್ಟು ದಿನ ಮುಂದಕ್ಕೆ ಹಾಕ್ಲಿ? ಮುಂದಿನ ವರ್ಷ ಸಂಘದವರು ವಾಪಸ್ ಬಾ ಅಂದ್ರೆ?"

"ಅಲ್ಲ, ಕೇಳಿದ್ದೆಲ್ಲ ಅರ್ಥ ಆಗುತ್ತಾ ನಿಮಗೆ? ಬೇಗಬೇಗ ಮಾತಾಡಿದ್ರೆ?"

"ಯಾರು ಬೇಗ ಮಾತಾಡ್ತಾರೆ ಅನ್ನೋದರ ಮೇಲೆ" ಎಂದರು ಅಯ್ಯನವರು. ಮುಂದಕ್ಕೆ ನೋಡುತ್ತಲೇ ಹೇಳಿದ್ದು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

ಅವಳಿಗೆ ಥಟ್ಟನೆ ಹೊಳೆಯಿತು. ಈ ಆರೇಳು ತಿಂಗಳಿಂದ ಅವರ ವಾಕ್ಯಗಳು ಚಿಕ್ಕವಾಗಿದ್ದವು. ಮೊದಲಾದರೆ ಒಂದು ವಾಕ್ಯ ಶುರು ಮಾಡಿದರೆ ಅದು ಹೋಗಿ ಬಂದು ತಿರುಗಿ ಮುಗಿಯುವಷ್ಟರಲ್ಲಿ ಮಕ್ಕಳು ನಿದ್ದೆ ಹೋಗುತ್ತಿದ್ದವು. ಈಚೆಗೆ ನಾಲ್ಕು ಮಾತು ಹೇಳಿ ನಿಲ್ಲಿಸುತ್ತಿದ್ದರು, ತಲೆ ತಗ್ಗಿಸುತ್ತಿದ್ದರು, ಅವಳು ಮುಗಿಸಿದ ಮೇಲೂ ಒಂದು ಗಳಿಗೆ ಹಾಗೇ ಇರುತ್ತಿದ್ದರು. ವಯಸ್ಸಾಯಿತು, ಉಸಿರು ಸಾಲದು ಅಂತ ಅವಳು ರಾತ್ರಿ ಎದೆಗೆ ಎಣ್ಣೆ ತಿಕ್ಕಿದ್ದೂ ಉಂಟು. ಉಸಿರಲ್ಲ, ಮಣ್ಣಾಂಗಟ್ಟಿ. ಅವರು ಕೇಳಿಸಿಕೊಳ್ಳುತ್ತಿದ್ದರು. ಎಣ್ಣೆ ತಿಕ್ಕಿಸಿಕೊಂಡು ಸುಮ್ಮನೆ ಮಲಗಿದ್ದರಲ್ಲ, ಕಳ್ಳ. ಇದೇ ಬೀದಿಯಲ್ಲಿ ತಿರುಗಿ ಮನೆಗೆ ಹೋಗಿಬಿಡೋಣವೇ, ತಲೆನೋವು ಅನ್ನೋಣವೇ ಅನ್ನಿಸಿತು, ಆದರೆ ಕಾಲು ಮುಂದೆ ಮುಂದೆಯೇ ಹೋಗುತ್ತಿತ್ತು. ಎಲ್ಲರ ಮುಂದೆ ಇವರು ಏನು ಹೇಳುತ್ತಾರೆ ಅಂತ ಕೇಳದೆ ಬದುಕುವುದು ಸಾಧ್ಯವೇ ಇರಲಿಲ್ಲ. ಬೈಯಲಿ. ಇವಳು ಇಷ್ಟು ವರ್ಷ ನಿಮ್ಮ ಕಣ್ಣಿಗೆ ಮಣ್ಣೆರಚಿದಳು ಅನ್ನಲಿ. ಆದರೆ ಆ ಮೆಟ್ಟಿಲು? ಬೈಸಿಕೊಂಡಾದರೂ ಬದುಕಬಹುದು, ಮುಂದಿನ ಭಾನುವಾರ ಆ ಮೆಟ್ಟಿಲ ಮೇಲೆ ನಿಲ್ಲದೆ ಹೇಗೆ ಬದುಕುವುದು ಅನ್ನುವುದು ಮಾತ್ರ ಅವಳಿಗೆ ತಿಳಿಯಲಿಲ್ಲ.

ಪ್ರಾರ್ಥನೆಯ ಹಾಲ್ ಮೊದಲು ಬಣ್ಣದ ಡಬ್ಬಿಗಳ ಗೋದಾಮಾಗಿತ್ತು. ಎಷ್ಟು ಉಜ್ಜಿದರೂ ನೆಲದ ಮೇಲಿನ ಹಸಿರು, ಕೆಂಪು, ನೀಲಿ ಉಂಗುರಗಳು ಹೋಗಿರಲಿಲ್ಲ, ಮಕ್ಕಳು ಅದರ ಮೇಲೆ ಕುಂಟಾಟ ಆಡುತ್ತಿದ್ದವು. ಮೂವತ್ತೈದು ನಲವತ್ತು ಜನ ಬಂದಿದ್ದರು. ಅವಳು ಅಭ್ಯಾಸದಂತೆ ಮೆಟ್ಟಿಲವರೆಗೆ ಹೋಗಿ, ತಡೆದು, ಎರಡನೆಯ ಬೆಂಚಿನಲ್ಲಿ ಇಸ್ತ್ರಿಯವಳ ಪಕ್ಕ ಕೂತಳು. ಇಪ್ಪತ್ತಾರು ವರ್ಷದಲ್ಲಿ ಈ ಹಾಲನ್ನು ಈ ಕಡೆಯಿಂದ ನೋಡಿದ್ದು ಇದೇ ಮೊದಲು. ಬೆಂಚು ಗಟ್ಟಿ, ಬೆನ್ನಿಗೆ ಒರಗಲು ಏನೂ ಇಲ್ಲ. ಪಾಪ, ಇದರ ಮೇಲೆ ಕೂತು ಇವರೆಲ್ಲ ತನ್ನ ಹರಟೆ ಕೇಳಿದ್ದಾರೆ. ಮುಂದಿನ ಸಾಲಿನಲ್ಲಿ ಗಡಿಯಾರದವನು ಕೂತಿದ್ದ, ಎಂದೂ ಬರದವನು, ತನ್ನ ಶಿಷ್ಯನ ಪರೀಕ್ಷೆ ನೋಡಲು ಎಣ್ಣೆ ಹಾಕಿ ತಲೆ ಬಾಚಿಕೊಂಡು ಬಂದಿದ್ದ.

"ಗಂಟಲು ಕೆಟ್ಟಿದೆಯಾ ಅಮ್ಮ?" ಎಂದು ಇಸ್ತ್ರಿಯವಳು ಕಿವಿಯಲ್ಲಿ ಕೇಳಿದಳು. ಅವಳಿಗೀಗ ನಲವತ್ತು ದಾಟಿತ್ತು, ಬೆರಳುಗಳಲ್ಲಿ ಸುಟ್ಟ ಕಲೆ, ಮೈಯಲ್ಲಿ ಕಾದ ಬಟ್ಟೆಯ ವಾಸನೆ. ಕೂಸನ್ನು ಮಣ್ಣು ಮಾಡಿದ ದಿನದಿಂದ ಹತ್ತೊಂಬತ್ತು ವರ್ಷ ಒಂದು ಭಾನುವಾರ ತಪ್ಪಿಸಿರಲಿಲ್ಲ.

"ಇಲ್ಲಮ್ಮ. ಇವತ್ತು ಅಯ್ಯನವರೇ ಮಾತಾಡ್ತಾರಂತೆ."

"ಅವರಾ?" ಎಂದಳು ಇಸ್ತ್ರಿಯವಳು. ಅಷ್ಟೇ ಅಂದು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಹಾಡು ಮುಗಿಯಿತು, ಪ್ರಾರ್ಥನೆ ಮುಗಿಯಿತು. ಅಯ್ಯನವರು ಹಲಗೆಯ ಮೇಲೆ ನಿಂತು ಎಡಗಡೆ ನೋಡಿದರು, ಅಲ್ಲಿ ಯಾರೂ ಇಲ್ಲದ್ದು ಕಂಡು ಎದುರಿಗೆ ತಿರುಗಿದರು. ಜೇಬಿನಿಂದ ಚೀಟಿ ತೆಗೆದರು, ಓದಲಿಲ್ಲ, ಮತ್ತೆ ಒಳಗಿಟ್ಟರು. ಇಲ್ಲಿಯ ಭಾಷೆಯಲ್ಲಿ ಶುರು ಮಾಡಿದರು. ಅವಳು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನನ್ನ ಮಾತು ಚೆನ್ನಾಗಿಲ್ಲ. ನಗಬಹುದು. ನಾನು ಇಲ್ಲಿ ಇಪ್ಪತ್ತಾರು ವರ್ಷ ಮಾತಾಡಿದೆ. ನೀವು ಕೇಳಿದ್ದು ನನ್ನ ಮಾತಲ್ಲ." ಯಾರೂ ನಗಲಿಲ್ಲ. ಹಿಂದೆ ಎಲ್ಲೋ ಒಂದು ಮಗು ಕೆಮ್ಮಿತು. "ಇದು ನನಗೆ ಗೊತ್ತಿರಲಿಲ್ಲ. ಈ ಒಂದು ವರ್ಷದಲ್ಲಿ ಗೊತ್ತಾಯಿತು. ಮೊದಲು ಕೋಪ ಬಂತು. ಬಹಳ ಕೋಪ. ಆಮೇಲೆ..." ಇಲ್ಲಿ ಅವರಿಗೆ ಮಾತು ಸಿಗಲಿಲ್ಲ. ಗಡಿಯಾರದವನು ಮುಂದಕ್ಕೆ ಬಾಗಿ ತುಟಿಯಲ್ಲೇ ಏನೋ ಹೇಳಿಕೊಟ್ಟ, ಅವರು ತಲೆಯಲ್ಲಾಡಿಸಿದರು, ಅದಲ್ಲ. "ಆಮೇಲೆ ಮುಂದಿನ ಭಾನುವಾರ ಯಾವಾಗ ಬರುತ್ತೆ ಅಂತ ಕಾದೆ. ಇವಳು ಏನು ಹೇಳುತ್ತಾಳೆ ಕೇಳಬೇಕು ಅಂತ."

ಅಕ್ಕಪಕ್ಕದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನುವುದು ಅವಳಿಗೆ ಕಾಣದೆಯೂ ಗೊತ್ತಾಗುತ್ತಿತ್ತು. ನಲವತ್ತು ಭಾನುವಾರ ತನ್ನ ಪಕ್ಕದಲ್ಲಿ ನಿಂತು ತಲೆ ತಗ್ಗಿಸಿದ್ದ ಆ ದೊಡ್ಡ ದೇಹ, ತಾನು ಗೊಂಬೆ ಅಂದುಕೊಂಡದ್ದು, ಎಲ್ಲರಿಗಿಂತ ಹತ್ತಿರದಲ್ಲಿ ನಿಂತು ತನ್ನ ಪ್ರಸಂಗ ಕೇಳುತ್ತಿತ್ತು. ತನಗೆ ಗೊತ್ತಾಗಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆನಲ್ಲ ಅನ್ನಿಸಿ, ಇಂಥ ಹೊತ್ತಿನಲ್ಲೂ ಬುದ್ಧಿ ಎಲ್ಲಿಗೆ ಹೋಗುತ್ತದೆ ನೋಡು ಅಂತ ನಾಚಿಕೆಯಾಯಿತು.

ಅಯ್ಯನವರು ಮಾತ್ರ ಮುಗಿಸಿರಲಿಲ್ಲ. ಮತ್ತೆ ಬಾಯಿ ತೆರೆದರು, ಇಲ್ಲಿಯ ಭಾಷೆಯ ಒಂದು ಮಾತು ಅರ್ಧ ಬಂದು ನಿಂತಿತು. ಸೋತು ಮನೆಮಾತಿಗೆ ತಿರುಗಿದರು, ಅವಳ ಕಡೆ ನೋಡಿ, ಹಾಲಿನಲ್ಲಿ ಅವಳೊಬ್ಬಳಿಗೇ ಅರ್ಥವಾಗುವಂತೆ ಹೇಳಿದರು. "ಇದೊಂದು ನೀನೇ ಹೇಳ್ಬೇಕು. ನಂಗೆ ಬರಲ್ಲ. ಅವಳ ಕೂಸು ಹೋದ ದಿನ ನಾನು ಅಳಬಾರದು ಅಂದಿದ್ದೆ. ನೀನು ಅದನ್ನ ಹೇಳಿರಲಿಲ್ಲ ಅನ್ನೋದು ಮೊನ್ನೆ ಮೊನ್ನೆ ಗೊತ್ತಾಯ್ತು, ಗಡಿಯಾರದವನು ಆ ಮಣ್ಣಿಗೆ ಬಂದಿದ್ದನಂತೆ, ನೀನು ಏನಂದೆ ಅಂತ ಅವನಿಗೆ ಇವತ್ತಿಗೂ ನೆನಪಿದೆ. ನಾನು ನಿಜವಾಗಿ ಏನಂದಿದ್ದೆ ಅಂತ ಆ ತಾಯಿಗೆ ತಿಳಿಸು. ತಿಳಿಸಿದ ಮೇಲೆ ಕ್ಷಮೆ ಕೇಳ್ತೀನಿ. ಒಂದಕ್ಷರ ಬದಲಾಯಿಸ್ಬೇಡ. ಬದಲಾಯಿಸಿದ್ರೆ ಈಗ ಗೊತ್ತಾಗುತ್ತೆ ನಂಗೆ."

ಪಕ್ಕದಲ್ಲಿ ಇಸ್ತ್ರಿಯವಳು, ಹತ್ತೊಂಬತ್ತು ವರ್ಷ ಹಿಂದೆ ಆ ಪೆಟ್ಟಿಗೆಯ ಮುಂದೆ ನೋಡಿದ ಹಾಗೇ, ಅವಳ ಬಾಯನ್ನೇ ನೋಡುತ್ತಿದ್ದಳು. ಅಯ್ಯನವರು ಏನೋ ದೊಡ್ಡದನ್ನು ಹೇಳಿದ್ದಾರೆ, ಅಮ್ಮ ಈಗ ತಿಳಿಸುತ್ತಾರೆ ಅಂತ. ಹೇಳಿದರೆ ಈ ಹೆಂಗಸು ಹತ್ತೊಂಬತ್ತು ವರ್ಷ ಎದೆಗವಚಿಕೊಂಡು ಬಂದ ಮಾತು ಸಭೆಯದಲ್ಲ, ದೇವರದೂ ಅಲ್ಲ, ನಾಲಿಗೆ ತಪ್ಪಿದ ಒಬ್ಬ ದುಭಾಷಿಯದು ಅಂತಾಗುತ್ತದೆ. ಬದಲಾಯಿಸಿ ಹೇಳಿದರೆ ಹಲಗೆಯ ಮೇಲೆ ನಿಂತವರಿಗೆ ಆ ಕ್ಷಣವೇ ತಿಳಿಯುತ್ತದೆ. ಅವಳ ಮುಂದೆ ಎರಡು ಭಾಷೆ ಇದ್ದವು, ಎರಡರಲ್ಲೂ ಅಡಗಿಕೊಳ್ಳಲು ಒಂದು ಮೂಲೆ ಉಳಿದಿರಲಿಲ್ಲ.

ಅವಳು ಎದ್ದು ನಿಂತಳು. ಮನೆಮಾತಿನಲ್ಲಿ, ಎಲ್ಲರ ಎದುರು, ಗಂಡನಿಗೆ ಹೇಳಿದಳು. "ಅದನ್ನ ನಾನು ಹೇಳಲ್ಲ ರೀ. ಅವತ್ತೂ ಹೇಳ್ಲಿಲ್ಲ, ಇವತ್ತೂ ಹೇಳಲ್ಲ. ಇಷ್ಟು ದಿನ ಕದ್ದು ಮಾಡಿದೆ, ಅದು ತಪ್ಪು. ಈಗ ಮುಖಕ್ಕೇ ಹೇಳ್ತಾ ಇದೀನಿ. ಬೇಕಿದ್ರೆ ನೀವೇ ಇಳಿದು ಬಂದು ಹೇಳಿ."

ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವರ ಮುಖಕ್ಕೆ ಹೀಗೆ 'ಇಲ್ಲ' ಅಂದದ್ದು ಇದೇ ಮೊದಲು, ಅದೂ ಆರಾಧನೆಯ ನಡುವೆ. ಮೈಯಲ್ಲಿ ಜ್ವರ ಏರಿದ ಹಾಗೆ ಒಂದು ಉಮೇದು ಏರಿತು. ಅಯ್ಯನವರು ಅವಳನ್ನು ನೋಡಿದರು. ಆಮೇಲೆ ಹಲಗೆಯಿಂದ ಇಳಿದರು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡರು. ಬಂದು ಇಸ್ತ್ರಿಯವಳ ಮುಂದೆ ನಿಂತು, ಇಲ್ಲಿಯ ಭಾಷೆಯಲ್ಲಿ, ಹೆಕ್ಕಿ ಹೆಕ್ಕಿ ಹೇಳಿದರು. "ನಿನ್ನ ಮಗು. ಆ ದಿನ. ನಾನು ಹೇಳಿದೆ, ಅಳಬೇಡ. ನಾನು ಹೇಳಿದೆ, ಅತ್ತರೆ ತಪ್ಪು. ಇವಳು ಅದನ್ನು ಹೇಳಲಿಲ್ಲ. ನೀನು ಕೇಳಿದ ಒಳ್ಳೆ ಮಾತು ಇವಳದು. ಕೆಟ್ಟ ಮಾತು ನನ್ನದು."

ಹೊರಗೆ ಯಾರೋ ಗಾಡಿ ಸ್ಟಾರ್ಟ್ ಮಾಡಲು ಒದ್ದು ಒದ್ದು ಬಿಟ್ಟರು. "ಒಳ್ಳೆ ಮಾತು ಅಮ್ಮಂದು ಅಂತ ಅವತ್ತೇ ಗೊತ್ತಾಗಿತ್ತು ಅಯ್ಯನವರೇ" ಎಂದಳು ಇಸ್ತ್ರಿಯವಳು. "ಅಂಥ ಮುಖ ಇಟ್ಕೊಂಡು ಯಾರೂ ಅಂಥ ಮಾತು ಆಡಲ್ಲ. ನಿಮ್ಮ ಮುಖ ಕಲ್ಲಿನ ಹಾಗಿತ್ತು, ಅಮ್ಮನ ಗಲ್ಲ ನಡುಗ್ತಾ ಇತ್ತು. ನೀವು ಏನಂದಿದ್ರಿ ಅನ್ನೋದು ಮಾತ್ರ ಇವತ್ತು ಗೊತ್ತಾಯ್ತು." ಆಮೇಲೆ, "ಅದು ನಿಜವಾಗ್ಲೂ ಕೆಟ್ಟ ಮಾತು" ಎಂದಳು.

"ಹೌದು" ಎಂದರು ಅಯ್ಯನವರು. ಅವರಿಗೆ ಎಲ್ಲ ಅರ್ಥವಾಗಿತ್ತು. ಯಾರೂ ತಿರುಗಿಸಿ ಹೇಳಬೇಕಾಗಿರಲಿಲ್ಲ.

"ಸರಿ. ಎಷ್ಟೊತ್ತು ನಿಂತಿರ್ತೀರಾ, ಕೂತ್ಕೊಳ್ಳಿ" ಎಂದು ಇಸ್ತ್ರಿಯವಳು ಕೈಚೀಲ ತೆಗೆದು ಜಾಗ ಮಾಡಿದಳು. ಕ್ಷಮಿಸಿದೆ ಅನ್ನಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅಯ್ಯನವರು ಆ ಗಟ್ಟಿ ಬೆಂಚಿನ ಮೇಲೆ ಕೂತರು, ಮಂಡಿ ಮುಂದಿನ ಬೆಂಚಿಗೆ ತಾಗಿ ಓರೆಯಾಗಿ ಇಟ್ಟುಕೊಂಡರು. ಗಡಿಯಾರದವನು ಹಿಂದಕ್ಕೆ ತಿರುಗಿ, ಎರಡು ಮೂರು ಕಡೆ ತಪ್ಪಾಯಿತು, ಪರವಾಗಿಲ್ಲ ಅನ್ನುವ ಹಾಗೆ ತಲೆಯಾಡಿಸಿದ. ಆಗ ಇಸ್ತ್ರಿಯವಳು, ಇನ್ನೂ ಒದ್ದೆ ಕಣ್ಣಲ್ಲೇ ಅವಳ ಕಡೆ ತಿರುಗಿ, "ಅಮ್ಮ, ಮತ್ತೆ ಪ್ರಸಂಗ? ಅಷ್ಟು ದೂರದಿಂದ ಬಂದಿದೀವಿ" ಎಂದಳು.

ಅವಳು ಹೋದಳು. ಮೆಟ್ಟಿಲ ಮೇಲೆ ನಿಲ್ಲಲು ಹೋದವಳನ್ನು ಅಯ್ಯನವರು ಕೈಸನ್ನೆ ಮಾಡಿ ಮೇಲೆ ಮೇಲೆ ಎಂದರು. ಹಲಗೆಯ ಮೇಲೆ ಹತ್ತಿದಳು. ಅಲ್ಲಿಂದ ಎಲ್ಲರ ಮುಖವೂ ಕಾಣುತ್ತಿತ್ತು, ಬಾಗಿಲಾಚೆಯ ಬಿಸಿಲೂ ಕಾಣುತ್ತಿತ್ತು. ಇಷ್ಟು ವರ್ಷ ಕದ್ದುಮುಚ್ಚಿ ಮಾಡಿದ್ದನ್ನು ಈಗ ರಾಜಾರೋಷವಾಗಿ ಮಾಡು ಅಂತ ಕೊಟ್ಟಿದ್ದಾರೆ, ತನ್ನ ಜಾಗ, ತನ್ನ ಜನ, ತನ್ನ ಮಾತು. ಬಾಯಿ ತೆರೆದಳು. ಏನೂ ಬರಲಿಲ್ಲ. ವಾರವೆಲ್ಲ ಕೂಡಿಟ್ಟದ್ದು ಎಲ್ಲವೂ ಇತ್ತು, ಬಸ್ಸಿನವರು, ಔಷಧಿ ಅಂಗಡಿ, ತಾಯಿಯ ಜಗಳ, ಆದರೆ ಯಾವುದರ ತುದಿಯೂ ಕೈಗೆ ಸಿಗಲಿಲ್ಲ. ಇವೆಲ್ಲ ಯಾವುದರಿಂದಲೋ ತಪ್ಪಿಸಿಕೊಂಡು ಹೊರಟ ಮಾತುಗಳು. ತಪ್ಪಿಸಿಕೊಳ್ಳಲು ಮೊದಲು ಒಂದು ವಾಕ್ಯ ಬೇಕಿತ್ತು. ಅವಳು ಎಡಗಡೆ ನೋಡಿದಳು, ಬಲಗಡೆ ನೋಡಿದಳು. ಜನ ಕಾಯುತ್ತಿದ್ದರು. ಅವಮಾನ ಕಾಲಿನಿಂದ ಮೇಲಕ್ಕೆ ಏರತೊಡಗಿತು. ಕೊನೆಗೆ ಬೆಂಚಿನಲ್ಲಿ ಓರೆಯಾಗಿ ಕೂತ ಗಂಡನನ್ನು ಮನೆಮಾತಿನಲ್ಲಿ ಕೇಳಿದಳು. "ರೀ, ಒಂದು ವಾಕ್ಯ ಹೇಳ್ರೀ."

ಅಯ್ಯನವರು ಕತ್ತೆತ್ತಿದರು. "ದೇವರ ಕೃಪೆ ದೊಡ್ಡದು" ಎಂದರು.

"ಅದು ಬೇಡ. ಬೇರೆ ಹೇಳಿ."

ಅವರು ಯೋಚಿಸಿದರು. ಕೋಟಿನ ಮೇಲಿನ ಗುಂಡಿಯನ್ನು ಬಿಚ್ಚಿದರು. "ಈ ಒಂದು ವರ್ಷ ನಂಗೆ ಬಹಳ ಹೆದರಿಕೆ ಆಗಿತ್ತು" ಎಂದರು, "ನಂಗೆ ಗೊತ್ತಾಗಿದೆ ಅಂತ ನಿಂಗೆ ತಿಳಿದ್ರೆ ನೀನು ಹೇಳೋದನ್ನ ನಿಲ್ಲಿಸಿಬಿಡ್ತೀಯ ಅಂತ."

ಅವಳು ಜನರ ಕಡೆ ತಿರುಗಿ, ಅವರು ಅಂದದ್ದನ್ನು ಅಂದ ಹಾಗೇ, ಒಂದು ಮಾತು ಕೂಡಿಸದೆ ಒಂದು ಮಾತು ಬಿಡದೆ ಹೇಳಿದಳು. ಹೇಳಿ, ಮುಂದಿನ ವಾಕ್ಯಕ್ಕೆ ಅವರ ಕಡೆ ನೋಡಿದಳು.